ಒಬ್ಬ ಆಟಗಾರ ಕೈಬದಲಾದ, ಎರಡು ತಂಡಗಳು ಎದ್ದು ನಿಂತವು

2025ರ ಎನ್‌ಬಿಎ ಫೈನಲ್ ಏಳನೇ ಪಂದ್ಯದವರೆಗೂ ಹೋಯಿತು. ಜೂನ್ 22ರ ರಾತ್ರಿ, ನಮ್ಮ ಲೆಕ್ಕದಲ್ಲಿ 23ರ ಬೆಳಿಗ್ಗೆ ಐದೂವರೆಗೆ ಶುರುವಾದ ಆ ಪಂದ್ಯದಲ್ಲಿ ಓಕ್ಲಹೋಮ ಸಿಟಿ ಥಂಡರ್ ತಂಡ ಇಂಡಿಯಾನಾ ಪೇಸರ್ಸ್ ತಂಡವನ್ನು 103–91ರಿಂದ ಸೋಲಿಸಿತು. ಶೇ ಗಿಲ್ಜಸ್ ಅಲೆಕ್ಸಾಂಡರ್ 29 ಅಂಕ ಗಳಿಸಿ ಫೈನಲ್‌ನ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಪೇಸರ್ಸ್ ತಂಡದ ಬೆನ್ನೆಲುಬಾದ ಟೈರೀಸ್ ಹಾಲಿಬರ್ಟನ್ ಮೊದಲ ಕಾಲುಭಾಗದಲ್ಲೇ ಹಿಮ್ಮಡಿಯ ನರ ಹರಿದುಕೊಂಡು ನೆಲಕ್ಕೆ ಬಿದ್ದರು. ಮರುದಿನದ ವರದಿಗಳಲ್ಲಿ ಈ ಇಬ್ಬರದೇ ಮಾತು, ಅದು ಸಹಜ.

ಆದರೆ ಆ ಅಂಗಳದಲ್ಲಿ ಇಲ್ಲದ ಮೂರನೆಯವರೊಬ್ಬರಿದ್ದರು: ಪಾಲ್ ಜಾರ್ಜ್. ಆಗ ಅವರು ಫಿಲಡೆಲ್ಫಿಯಾ ತಂಡದಲ್ಲಿದ್ದರು, ಗಾಯದ ಕಾರಣ ಮಾರ್ಚ್‌ನಲ್ಲೇ ಅವರ ಋತು ಮುಗಿದಿತ್ತು. 2017ರಲ್ಲಿ ಇಂಡಿಯಾನಾ ಅವರನ್ನು ಓಕ್ಲಹೋಮಕ್ಕೆ ಕೊಟ್ಟಿತು. 2019ರಲ್ಲಿ ಓಕ್ಲಹೋಮ ಅವರನ್ನು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಕೊಟ್ಟಿತು. ಮೊದಲ ಟ್ರೇಡ್‌ನಿಂದ ಬಂದದ್ದನ್ನು ಬೆಳೆಸಿಕೊಂಡು ಇಂಡಿಯಾನಾ ಫೈನಲ್‌ಗೆ ಬಂತು, ಎರಡನೆಯದರಿಂದ ಬಂದದ್ದನ್ನು ಬೆಳೆಸಿಕೊಂಡು ಓಕ್ಲಹೋಮ ಕಪ್ ಗೆದ್ದಿತು. ಆಡಿದ ಎರಡೂ ತಂಡಗಳ ಬೇರು ಒಬ್ಬನೇ ಆಟಗಾರನ ಕೈಬದಲಿನಲ್ಲಿದೆ. ಆಟಗಾರನ ಬೆಲೆ ಎಂದರೇನು, ಅವನೊಳಗಿನ ಭರವಸೆಯನ್ನು ಅಳೆಯುವುದು ಹೇಗೆ, ಒಂದು ತಂಡಕ್ಕೆ ಭವಿಷ್ಯ ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಗಳಿಗೆ ಇಷ್ಟು ಚೆನ್ನಾಗಿ ಉತ್ತರಿಸುವ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಐಪಿಎಲ್ ನೋಡುವ ನಮಗೆ ಅಲ್ಲಿನ ವ್ಯವಹಾರ ಮೊದಲಿಗೆ ವಿಚಿತ್ರ ಎನಿಸುತ್ತದೆ. ನಮ್ಮಲ್ಲಿ ಹರಾಜು ನಡೆಯುತ್ತದೆ, ದುಡ್ಡಿದ್ದವರು ಕೂಗುತ್ತಾರೆ, ಸುತ್ತಿಗೆ ಬೀಳುತ್ತದೆ. ಹಾರ್ದಿಕ್ ಪಾಂಡ್ಯ 2023ರ ನವೆಂಬರ್‌ನಲ್ಲಿ ಗುಜರಾತ್‌ನಿಂದ ಮುಂಬೈಗೆ ಹೋದಂಥ ಟ್ರೇಡ್‌ಗಳು ನಮಗೆ ಅಪರೂಪ. ಎನ್‌ಬಿಎಯಲ್ಲಿ ಹರಾಜೇ ಇಲ್ಲ. ಹೊಸ ಹುಡುಗರು ಡ್ರಾಫ್ಟ್ ಮೂಲಕ ಬರುತ್ತಾರೆ: 30 ತಂಡ, ಎರಡು ಸುತ್ತು, ಸಾಮಾನ್ಯವಾಗಿ 60 ಆಯ್ಕೆ. ಹಿಂದಿನ ಋತುವಿನಲ್ಲಿ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಸರದಿ ಸಿಗುವ ಸಾಧ್ಯತೆ ಹೆಚ್ಚು. ಒಪ್ಪಂದದಲ್ಲಿರುವ ಆಟಗಾರನನ್ನು ಅವನ ಅನುಮತಿ ಕೇಳದೆಯೇ ತಂಡ ಬೇರೆಡೆಗೆ ಕಳಿಸಬಹುದು, ತಡೆಯುವ ಹಕ್ಕು ಬೆರಳೆಣಿಕೆಯ ಆಟಗಾರರಿಗಷ್ಟೇ ಇರುತ್ತದೆ. ಸಂಬಳದ ಒಟ್ಟು ಮೊತ್ತಕ್ಕೆ ಮಿತಿಯಿದೆ, 2024–25ರಲ್ಲಿ ಅದು ಸುಮಾರು 14 ಕೋಟಿ ಡಾಲರ್. ಮಿತಿ ದಾಟಿದ ತಂಡ ದೊಡ್ಡ ಸಂಬಳದ ಆಟಗಾರನನ್ನು ತರಬೇಕಾದರೆ ಹೆಚ್ಚುಕಡಿಮೆ ಅಷ್ಟೇ ಸಂಬಳದವರನ್ನು ಬಿಟ್ಟುಕೊಡಬೇಕು. ಹೀಗಾಗಿ ಅಲ್ಲಿ ದುಡ್ಡು ಎಸೆದು ಯಾರನ್ನೂ ಕೊಳ್ಳುವಂತಿಲ್ಲ. ಆಟಗಾರನಿಗೆ ಬದಲು ಆಟಗಾರ, ತೂಕ ಕಡಿಮೆ ಬಿದ್ದರೆ ಅದಕ್ಕೆ ಮುಂದಿನ ವರ್ಷಗಳ ಡ್ರಾಫ್ಟ್ ಹಕ್ಕು.

ಈ ಡ್ರಾಫ್ಟ್ ಹಕ್ಕೇ ಆ ಲೀಗ್‌ನ ನಿಜವಾದ ನಾಣ್ಯ. 2026ರ ಮೊದಲ ಸುತ್ತಿನ ಆಯ್ಕೆಯನ್ನು 2019ರಲ್ಲೇ ಕೊಟ್ಟುಬಿಡಬಹುದು. ಆ ಆಯ್ಕೆಯಿಂದ ಬರಲಿರುವ ಹುಡುಗ ಆಗ ಇನ್ನೂ ಪ್ರಾಥಮಿಕ ಶಾಲೆಯಲ್ಲಿರುತ್ತಾನೆ. ಏಳು ವರ್ಷದ ಆಚೆಗಿನದನ್ನು ಮಾತ್ರ ಮುಟ್ಟುವಂತಿಲ್ಲ. ಇನ್ನೊಂದು ನಿಯಮವೂ ಇದೆ, ಅದು ಹುಟ್ಟಿದ್ದು ಒಬ್ಬ ಮಾಲೀಕನ ಅವಿವೇಕದಿಂದ. ಎಂಬತ್ತರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಒಡೆಯ ಟೆಡ್ ಸ್ಟೆಪಿಯನ್ ಒಂದರ ಹಿಂದೊಂದು ವರ್ಷದ ಆಯ್ಕೆಗಳನ್ನು ಸಾಧಾರಣ ಆಟಗಾರರಿಗಾಗಿ ದಾನ ಮಾಡಿದಂತೆ ಹಂಚಿ ತಂಡವನ್ನು ಬರಿದು ಮಾಡಿದರು. ಆಮೇಲೆ ಲೀಗ್ ಕಟ್ಟಳೆ ಮಾಡಿತು: ಮುಂಬರುವ ಯಾವುದೇ ಎರಡು ಸತತ ವರ್ಷ ತಂಡದ ಕೈಯಲ್ಲಿ ಮೊದಲ ಸುತ್ತಿನ ಆಯ್ಕೆ ಇಲ್ಲದಂತಾಗಬಾರದು. ಸ್ಟೆಪಿಯನ್ ಹೆಸರು ಇಂದಿಗೂ ಆ ನಿಯಮಕ್ಕೆ ಅಂಟಿಕೊಂಡಿದೆ.

ಈಗ ಓಕ್ಲಹೋಮದ ಕತೆಗೆ ಬರೋಣ. ಇದನ್ನು 2019ರಿಂದ ಹೇಳಿದರೆ ಅರ್ಧವೇ ಆಗುತ್ತದೆ, 2007ಕ್ಕೆ ಹೋಗಬೇಕು. ಆಗ ಈ ತಂಡ ಸಿಯಾಟಲ್‌ನಲ್ಲಿತ್ತು, ಸೂಪರ್‌ಸಾನಿಕ್ಸ್ ಎಂಬ ಹೆಸರಿನಲ್ಲಿ. ಸ್ಯಾಮ್ ಪ್ರೆಸ್ಟಿ ಆಗಷ್ಟೇ ಜನರಲ್ ಮ್ಯಾನೇಜರ್ ಆಗಿ ಬಂದಿದ್ದರು, ಮೂವತ್ತರ ಹರೆಯ. ಫೀನಿಕ್ಸ್ ತಂಡಕ್ಕೆ ಸಂಬಳದ ಹೊರೆ ಇಳಿಸಬೇಕಿತ್ತು. ಕರ್ಟ್ ಥಾಮಸ್ ಎಂಬ ಹಿರಿಯ ಆಟಗಾರನನ್ನು ತೆಗೆದುಕೊಳ್ಳಿ, ಜೊತೆಗೆ ಎರಡು ಮೊದಲ ಸುತ್ತಿನ ಆಯ್ಕೆಗಳನ್ನೂ ಕೊಡುತ್ತೇವೆ ಎಂದಿತು. ಪ್ರೆಸ್ಟಿ ಒಪ್ಪಿದರು. ಯಾರೂ ಅದನ್ನು ದೊಡ್ಡ ಸುದ್ದಿ ಎಂದುಕೊಳ್ಳಲಿಲ್ಲ. ಆ ಆಯ್ಕೆಗಳಲ್ಲೊಂದರಿಂದ 2008ರಲ್ಲಿ 24ನೆಯವರಾಗಿ ಬಂದವರು ಕಾಂಗೋ ಮೂಲದ ಸರ್ಜ್ ಇಬಾಕಾ. ಅದೇ ವರ್ಷ ತಂಡ ಓಕ್ಲಹೋಮಕ್ಕೆ ಸ್ಥಳಾಂತರವಾಯಿತು.

ಆ ದಿನಗಳಲ್ಲಿ ಪ್ರೆಸ್ಟಿ ಸತತ ಮೂರು ಡ್ರಾಫ್ಟ್‌ಗಳಲ್ಲಿ ಕೆವಿನ್ ಡುರಾಂಟ್, ರಸೆಲ್ ವೆಸ್ಟ್‌ಬ್ರುಕ್, ಜೇಮ್ಸ್ ಹಾರ್ಡನ್ ಅವರನ್ನು ಆರಿಸಿದ್ದರು. ಮೂವರೂ ಮುಂದೆ ಲೀಗ್‌ನ ವರ್ಷದ ಶ್ರೇಷ್ಠ ಆಟಗಾರರಾದರು. 2012ರಲ್ಲಿ ಫೈನಲ್ ತಲುಪಿ ಮಯಾಮಿ ಎದುರು 4–1ರಿಂದ ಸೋತರು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಸಂಬಳದ ಮಾತು ಮುರಿದು ಅದೇ ಅಕ್ಟೋಬರ್‌ನಲ್ಲಿ ಹಾರ್ಡನ್ ಹ್ಯೂಸ್ಟನ್‌ಗೆ ಹೋದರು. 2016ರ ಜುಲೈನಲ್ಲಿ ಡುರಾಂಟ್ ಒಪ್ಪಂದ ಮುಗಿಸಿ ಗೋಲ್ಡನ್ ಸ್ಟೇಟ್ ಸೇರಿದರು, ಓಕ್ಲಹೋಮಕ್ಕೆ ಬದಲಾಗಿ ಏನೂ ಸಿಗಲಿಲ್ಲ. ಸಣ್ಣ ಊರಿನ ತಂಡಕ್ಕೆ ಇದಕ್ಕಿಂತ ದೊಡ್ಡ ಏಟಿಲ್ಲ. ಲಾಸ್ ಏಂಜಲೀಸ್‌ಗೋ ಮಯಾಮಿಗೋ ಆಟಗಾರರು ತಾವಾಗಿ ಬರುತ್ತಾರೆ, ಓಕ್ಲಹೋಮಕ್ಕೆ ಬರುವುದಿಲ್ಲ. ಅವರನ್ನು ಬೆಳೆಸಿಕೊಳ್ಳಬೇಕು, ಇಲ್ಲವೇ ಬದಲಾಯಿಸಿಕೊಳ್ಳಬೇಕು.

ಡುರಾಂಟ್ ಹೋಗುವ ಕೆಲವೇ ದಿನ ಮುಂಚೆ ಪ್ರೆಸ್ಟಿ ಇಬಾಕಾರನ್ನು ಒರ್ಲಾಂಡೊಗೆ ಕೊಟ್ಟು ವಿಕ್ಟರ್ ಒಲಡಿಪೊ ಮತ್ತು ಆ ರಾತ್ರಿಯಷ್ಟೇ ಡ್ರಾಫ್ಟ್ ಆಗಿದ್ದ ಡೊಮಾಂಟಸ್ ಸಬೋನಿಸ್ ಅವರನ್ನು ಪಡೆದಿದ್ದರು. ವರ್ಷದ ನಂತರ ಆ ಇಬ್ಬರನ್ನೂ ಇಂಡಿಯಾನಾಕ್ಕೆ ಕೊಟ್ಟು ಪಾಲ್ ಜಾರ್ಜ್‌ರನ್ನು ತಂದರು. ಜಾರ್ಜ್ 2018–19ರಲ್ಲಿ ತಮ್ಮ ಜೀವಮಾನದ ಆಟ ಆಡಿದರು, ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಮೂರನೆಯವರಾದರು. ಆ ಬೇಸಿಗೆಯಲ್ಲಿ ಕವಾಯ್ ಲೆನರ್ಡ್ ಕ್ಲಿಪ್ಪರ್ಸ್ ಸೇರಲು ಸಿದ್ಧರಿದ್ದರು, ಆದರೆ ಜೊತೆಗೆ ಇನ್ನೊಬ್ಬ ತಾರೆ ಬೇಕಿತ್ತು. ಜಾರ್ಜ್ ಕೂಡ ತಮ್ಮ ಹುಟ್ಟಿದ ಕಡೆಗೆ ಹೋಗಲು ಬಯಸಿದರು. ಪ್ರೆಸ್ಟಿಗೆ ಗೊತ್ತಿತ್ತು: ಜಾರ್ಜ್ ಸಿಗದಿದ್ದರೆ ಲೆನರ್ಡ್ ಕೂಡ ಸಿಗುವುದಿಲ್ಲ, ಹಾಗಾಗಿ ಕ್ಲಿಪ್ಪರ್ಸ್ ಇಬ್ಬರ ಬೆಲೆಯನ್ನೂ ಒಬ್ಬರಿಗೇ ಕೊಡುತ್ತದೆ. ಕೊಟ್ಟಿತು ಕೂಡ. ಐದು ಮೊದಲ ಸುತ್ತಿನ ಆಯ್ಕೆಗಳು, ಇನ್ನೆರಡು ವರ್ಷ ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕು, ಡನಿಲೊ ಗಲಿನಾರಿ, ಮತ್ತು ಒಂದೇ ಒಂದು ಋತು ಆಡಿದ್ದ 20 ವರ್ಷದ ಕೆನಡಾದ ಹುಡುಗ ಶೇ ಗಿಲ್ಜಸ್ ಅಲೆಕ್ಸಾಂಡರ್.

ಆ ದಿನ ಕ್ಲಿಪ್ಪರ್ಸ್ ಗೆದ್ದಿತೆಂದೇ ಬಹುತೇಕರು ಬರೆದರು. ಬರೆದವರನ್ನು ದೂರುವಂತಿಲ್ಲ. ಲೆನರ್ಡ್ ಅದೇ ಜೂನ್‌ನಲ್ಲಿ ಟೊರಾಂಟೊಗೆ ಕಪ್ ಗೆದ್ದುಕೊಟ್ಟು ಬಂದಿದ್ದವರು. ಆದರೆ ಕ್ಲಿಪ್ಪರ್ಸ್ ಕಂಡ ಗರಿಷ್ಠ ಎತ್ತರ 2021ರ ಕಾನ್ಫರೆನ್ಸ್ ಫೈನಲ್, ಅಂದರೆ ಸೆಮಿಫೈನಲ್. ಇಬ್ಬರಲ್ಲಿ ಒಬ್ಬರಲ್ಲ ಒಬ್ಬರು ಗಾಯಾಳು. 2024ರಲ್ಲಿ ಜಾರ್ಜ್ ಒಪ್ಪಂದ ಮುಗಿಸಿ ಫಿಲಡೆಲ್ಫಿಯಾಕ್ಕೆ ಹೋದಾಗ ಕ್ಲಿಪ್ಪರ್ಸ್ ಕೈ ಬರಿದಾಗಿತ್ತು. ಅತ್ತ ಓಕ್ಲಹೋಮದಲ್ಲಿ, ಕ್ಲಿಪ್ಪರ್ಸ್ ಕೊಟ್ಟ 2022ರ ಆಯ್ಕೆ 12ನೆಯದಾಗಿ ಬಂದು ಸ್ಯಾಂಟಾ ಕ್ಲಾರಾ ಎಂಬ ಸಣ್ಣ ವಿಶ್ವವಿದ್ಯಾಲಯದ ಜೇಲನ್ ವಿಲಿಯಮ್ಸ್ ರೂಪ ತಾಳಿತ್ತು. ಇದೇ ವಿಲಿಯಮ್ಸ್ 2025ರ ಫೈನಲ್‌ನ ಐದನೇ ಪಂದ್ಯದಲ್ಲಿ 40 ಅಂಕ ಹೊಡೆದರು. ಬಲ ಮಣಿಕಟ್ಟಿನ ಅಸ್ಥಿರಜ್ಜು ಹರಿದಿತ್ತು, ಅದೇ ಕೈಯಲ್ಲಿ ಆಡಿದರು.

ಇಂಡಿಯಾನಾದ ಕವಲು ಇಷ್ಟು ಪ್ರಸಿದ್ಧವಲ್ಲ, ನನಗೆ ಮಾತ್ರ ಹೆಚ್ಚು ಪ್ರಿಯ. 2017ರಲ್ಲಿ ಜಾರ್ಜ್‌ರನ್ನು ಕೊಟ್ಟು ಒಲಡಿಪೊ, ಸಬೋನಿಸ್‌ರನ್ನು ತಂದಾಗ ಪೇಸರ್ಸ್ ಆಡಳಿತವನ್ನು ಎಲ್ಲರೂ ಹೀಗಳೆದರು, ಇಷ್ಟು ದೊಡ್ಡ ಆಟಗಾರನಿಗೆ ಇಷ್ಟೇನಾ ಎಂದರು. ಮರುವರ್ಷವೇ ಒಲಡಿಪೊ ಲೀಗ್‌ನಲ್ಲಿ ಅತಿ ಹೆಚ್ಚು ಸುಧಾರಿಸಿದ ಆಟಗಾರ ಎಂಬ ಪ್ರಶಸ್ತಿ ಪಡೆದರು. ಆಮೇಲೆ ಮಂಡಿ ಕೈಕೊಟ್ಟಿತು. 2021ರ ಜನವರಿಯಲ್ಲಿ, ಹಾರ್ಡನ್ ಬ್ರೂಕ್ಲಿನ್‌ಗೆ ಹೋದ ದೊಡ್ಡ ಟ್ರೇಡ್‌ನ ಭಾಗವಾಗಿ, ಒಲಡಿಪೊ ಹ್ಯೂಸ್ಟನ್‌ಗೆ ಹೋದರು, ಕ್ಯಾರಿಸ್ ಲೆವರ್ಟ್ ಇಂಡಿಯಾನಾಕ್ಕೆ ಬಂದರು. ಟ್ರೇಡ್ ಮುಗಿಯುವ ಮುನ್ನ ನಡೆಯುವ ವೈದ್ಯಕೀಯ ಪರೀಕ್ಷೆಯಲ್ಲಿ ಲೆವರ್ಟ್ ಅವರ ಮೂತ್ರಪಿಂಡದಲ್ಲಿ ಗಡ್ಡೆ ಪತ್ತೆಯಾಯಿತು, ಅದು ಕ್ಯಾನ್ಸರ್. ಯಾವ ನೋವೂ ಇರಲಿಲ್ಲ, ಆಡುತ್ತಲೇ ಇದ್ದರು. ಈ ಟ್ರೇಡ್ ಆಗದೇ ಹೋಗಿದ್ದರೆ ಯಾವಾಗ ಗೊತ್ತಾಗುತ್ತಿತ್ತೋ. ಶಸ್ತ್ರಚಿಕಿತ್ಸೆ ಆಗಿ ಅದೇ ಋತುವಿನಲ್ಲಿ ಅವರು ಅಂಗಳಕ್ಕೆ ಮರಳಿದರು. ಆಟಗಾರರನ್ನು ಸರಕಿನಂತೆ ಸಾಗಿಸುವ ಈ ವ್ಯವಸ್ಥೆಯ ಬಗ್ಗೆ ನನಗೆ ಇರುವ ಕಸಿವಿಸಿ ದೊಡ್ಡದೇ. ಆದರೂ ಒಬ್ಬ ಯುವಕನ ಜೀವ ಉಳಿಯುವುದಕ್ಕೆ ಅದೇ ನೆಪವಾಯಿತಲ್ಲ ಎಂದು ನೆನೆದಾಗಲೆಲ್ಲ ಮನಸ್ಸು ತುಂಬಿಬರುತ್ತದೆ.

ವರ್ಷದ ನಂತರ ಲೆವರ್ಟ್ ಕ್ಲೀವ್‌ಲ್ಯಾಂಡ್‌ಗೆ ಹೋದರು. ಬದಲಿಗೆ ಬಂದದ್ದರಲ್ಲಿ ಎರಡನೇ ಸುತ್ತಿನ ಒಂದು ಆಯ್ಕೆಯಿತ್ತು. 2022ರಲ್ಲಿ 31ನೆಯದಾದ ಆ ಸರದಿಯಲ್ಲಿ ಸಿಕ್ಕವರು ಆಂಡ್ರ್ಯೂ ನೆಮ್‌ಹಾರ್ಡ್, ಫೈನಲ್‌ನ ಏಳೂ ಪಂದ್ಯಗಳಲ್ಲಿ ಗಿಲ್ಜಸ್‌ರ ಬೆನ್ನುಬಿಡದೆ ಕಾವಲಿಗೆ ನಿಂತವರಲ್ಲಿ ಒಬ್ಬರು. ಇನ್ನೊಂದು ಎಳೆ ಸಬೋನಿಸ್ ಅವರದು. ಅವರು ಇಂಡಿಯಾನಾದಲ್ಲಿ ಆಲ್‌ಸ್ಟಾರ್ ಮಟ್ಟಕ್ಕೆ ಬೆಳೆದರು, 2022ರ ಫೆಬ್ರುವರಿಯಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಹೋದರು, ಬದಲಿಗೆ ಬಂದವರು ಹಾಲಿಬರ್ಟನ್.

ಇಲ್ಲಿ ನಮ್ಮ ನೆಲದ ನಂಟೊಂದಿದೆ. ಭಾರತದಲ್ಲಿ ನಡೆದ ಮೊದಲ ಎನ್‌ಬಿಎ ಪಂದ್ಯಗಳು 2019ರ ಅಕ್ಟೋಬರ್ 4 ಮತ್ತು 5ರಂದು ಮುಂಬೈನ ವರ್ಲಿಯ ಒಳಾಂಗಣದಲ್ಲಿ ನಡೆದವು. ಆಡಿದ್ದು ಇದೇ ಎರಡು ತಂಡಗಳು, ಕಿಂಗ್ಸ್ ಮತ್ತು ಪೇಸರ್ಸ್. ಸಬೋನಿಸ್ ಆಗ ಪೇಸರ್ಸ್ ತಂಡದಲ್ಲಿದ್ದರು. ಕಿಂಗ್ಸ್ ತಂಡದ ಮಾಲೀಕ ವಿವೇಕ್ ರಣದಿವೆ ಮುಂಬೈಯಲ್ಲೇ ಹುಟ್ಟಿದವರು. ಹಾಲಿಬರ್ಟನ್‌ರನ್ನು ಬಿಟ್ಟುಕೊಟ್ಟಿದ್ದಕ್ಕೆ ಈಗ ಕಿಂಗ್ಸ್ ಆಡಳಿತವನ್ನು ಹಳಿಯುವುದು ಒಂದು ರೂಢಿಯೇ ಆಗಿದೆ. ನಾನು ಆ ಸಾಲಿಗೆ ಸೇರುವುದಿಲ್ಲ. ಸ್ಯಾಕ್ರಮೆಂಟೊ ತಂಡ 16 ವರ್ಷ ಪ್ಲೇಆಫ್ ಮುಖ ನೋಡಿರಲಿಲ್ಲ, ಲೀಗ್‌ನ ಚರಿತ್ರೆಯಲ್ಲೇ ಅಷ್ಟು ದೀರ್ಘ ಬರ ಇನ್ನೊಂದಿಲ್ಲ. ಸಬೋನಿಸ್ ಬಂದ ಮರುವರ್ಷ, 2022–23ರಲ್ಲಿ, 48 ಪಂದ್ಯ ಗೆದ್ದು ಆ ಬರ ನೀಗಿತು. ಆ ಊರಿನ ಜನರಿಗೆ ಅದು ಸಣ್ಣ ಸಂತೋಷವೇನಲ್ಲ. ಒಂದು ಟ್ರೇಡ್‌ನಲ್ಲಿ ಒಬ್ಬರು ಗೆಲ್ಲಬೇಕಾದರೆ ಇನ್ನೊಬ್ಬರು ಸೋಲಲೇಬೇಕು ಎಂಬ ಎಣಿಕೆಯೇ ತಪ್ಪು. ಒಂದು ತಂಡಕ್ಕೆ ಇವತ್ತಿನ ಹಸಿವು, ಇನ್ನೊಂದಕ್ಕೆ ನಾಳೆಯ ಚಿಂತೆ. ಇಬ್ಬರಿಗೂ ಬೇಕಾದದ್ದು ಸಿಕ್ಕಿತು.

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂಬ ಗಾದೆ ನಮ್ಮದು. ಎನ್‌ಬಿಎ ಡ್ರಾಫ್ಟ್‌ನ ಇತಿಹಾಸ ನೋಡಿದರೆ, ಕಾಣುವುದು ಅಷ್ಟು ಸುಲಭವಲ್ಲ ಎಂದೇ ಹೇಳಬೇಕು. 2013ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಆಂಥೊನಿ ಬೆನೆಟ್ ನಾಲ್ಕು ಋತುಗಳಲ್ಲಿ ಲೀಗ್‌ನಿಂದ ಮರೆಯಾದರು. ಅದೇ ಡ್ರಾಫ್ಟ್‌ನಲ್ಲಿ 15ನೆಯವರು ಗ್ರೀಸ್‌ನ ಎರಡನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದ ಯಾನಿಸ್ ಅಂಟೆಟೊಕೂಂಪೊ. ಮರುವರ್ಷ 41ನೆಯವರಾಗಿ ಬಂದ ಸರ್ಬಿಯಾದ ನಿಕೊಲಾ ಯೊಕಿಚ್ ಮೂರು ಬಾರಿ ವರ್ಷದ ಶ್ರೇಷ್ಠ ಆಟಗಾರರಾದರು. ಗಿಲ್ಜಸ್ ಕೂಡ 2018ರಲ್ಲಿ 11ನೆಯವರು. ಅವರನ್ನು ಆರಿಸಿದ ಶಾರ್ಲೆಟ್ ತಂಡ ಆ ರಾತ್ರಿಯೇ ಕ್ಲಿಪ್ಪರ್ಸ್‌ಗೆ ದಾಟಿಸಿತು.

ಇಷ್ಟು ಜನ ಪಂಡಿತರಿಗೆ ಏಕೆ ಕಾಣುವುದಿಲ್ಲ? ಅಳೆಯಲು ಸುಲಭವಾದದ್ದನ್ನೇ ಹೆಚ್ಚು ಅಳೆಯುತ್ತಾರೆ ಎಂಬುದು ಒಂದು ಕಾರಣ. ಎತ್ತರ, ಚಾಚಿದ ಕೈಗಳ ಉದ್ದ, ನಿಂತಲ್ಲಿಂದ ಎಷ್ಟು ಮೇಲೆ ನೆಗೆಯುತ್ತಾನೆ, ಇವೆಲ್ಲ ಟೇಪಿಗೆ ಸಿಗುತ್ತವೆ. ಪಂಜಾಬಿನ ಬಲ್ಲೊ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ ಏಳಡಿ ಎರಡಂಗುಲದ ಹುಡುಗ. 2015ರಲ್ಲಿ ಡಲ್ಲಾಸ್ ತಂಡ ಅವರನ್ನು 52ನೆಯವರಾಗಿ ಆರಿಸಿದಾಗ ದೇಶವೇ ಹಿಗ್ಗಿತು, ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್ ಆದ ಮೊದಲಿಗರು ಅವರು. ಆದರೆ ಲೀಗ್‌ನ ಒಂದು ಪಂದ್ಯವನ್ನೂ ಆಡಲು ಅವರಿಗೆ ಸಾಧ್ಯವಾಗಲಿಲ್ಲ. ಆಟದ ವೇಗವೇ ಬದಲಾಗುತ್ತಿದ್ದ ಕಾಲ ಅದು. ಬುಟ್ಟಿಯ ಕೆಳಗೆ ಗಟ್ಟಿಯಾಗಿ ನಿಲ್ಲುವ ದೊಡ್ಡ ಆಳಿಗಿಂತ, ದೂರದಿಂದ ಮೂರಂಕದ ಎಸೆತ ಹಾಕಿ, ಓಡಿ ಹಿಂದೆ ಬಂದು ಕಾಯಬಲ್ಲ ಎತ್ತರದವರಿಗೆ ಬೇಡಿಕೆ ಹೆಚ್ಚಿತ್ತು. ಆಟಗಾರನ ಭರವಸೆ ಎಂಬುದು ಅವನ ಮೈಯಲ್ಲಿ ಮಾತ್ರ ಇರುವ ವಸ್ತುವಲ್ಲ. ಆಟ ಎತ್ತ ಸಾಗುತ್ತಿದೆ, ಅವನನ್ನು ಯಾರು ಕೈಹಿಡಿದರು, ಎಷ್ಟು ಹೊತ್ತು ಅಂಗಳದಲ್ಲಿ ಬಿಟ್ಟರು ಎಂಬುದೆಲ್ಲ ಸೇರಿ ಅದು ರೂಪುಗೊಳ್ಳುತ್ತದೆ.

ಗಿಲ್ಜಸ್ ವಿಷಯ ನೋಡಿ. ಅವರು ಲೀಗ್‌ನ ಅತಿ ವೇಗದ ಆಟಗಾರರಲ್ಲ, ಅತಿ ಎತ್ತರ ನೆಗೆಯುವವರೂ ಅಲ್ಲ. ಅವರ ಕಸುವು ಇರುವುದು ನಿಲ್ಲುವುದರಲ್ಲಿ. ಓಡುತ್ತಾ ಬಂದು ಥಟ್ಟನೆ ತಡೆದು ನಿಂತಾಗ ಎದುರಾಳಿ ಒಂದು ಹೆಜ್ಜೆ ಮುಂದೆ ಜಾರಿರುತ್ತಾನೆ, ಅಷ್ಟರಲ್ಲಿ ಚೆಂಡು ಕೈಬಿಟ್ಟಾಗಿರುತ್ತದೆ. ಇದು ಅಳತೆಯ ಟೇಪಿಗೆ ಸಿಗುವಂಥದ್ದಲ್ಲ. ಲೆನರ್ಡ್, ಜಾರ್ಜ್ ಪಕ್ಕದಲ್ಲಿ ಕ್ಲಿಪ್ಪರ್ಸ್‌ನಲ್ಲೇ ಉಳಿದಿದ್ದರೆ ಚೆಂಡು ಅವರ ಕೈಗೆ ಎಷ್ಟು ಬರುತ್ತಿತ್ತು? ಓಕ್ಲಹೋಮದಲ್ಲಿ ಮೊದಲ ವರ್ಷ ಕ್ರಿಸ್ ಪಾಲ್ ಎಂಬ ಹಿರಿಯರ ಜೊತೆ ಕಲಿತರು, ಆಮೇಲೆ ತಂಡವೇ ಅವರ ಕೈಗೆ ಬಂತು. ಮೊದಲ ಋತುವಿನಲ್ಲಿ ಪಂದ್ಯಕ್ಕೆ 10.8 ಅಂಕ, 2024–25ರಲ್ಲಿ 32.7. ಯಾರೂ ಡ್ರಾಫ್ಟ್ ಮಾಡದ ಲೂ ಡೋರ್ಟ್ ಅದೇ ತಂಡದಲ್ಲಿ ಲೀಗ್‌ನ ಉತ್ತಮ ರಕ್ಷಕರಲ್ಲೊಬ್ಬರಾದರು. 2022ರಲ್ಲಿ ಎರಡನೆಯವರಾಗಿ ಬಂದ ಚೆಟ್ ಹೋಮ್‌ಗ್ರೆನ್ ಋತು ಆರಂಭಕ್ಕೆ ಮುಂಚೆಯೇ ಪಾದದ ಗಾಯ ಮಾಡಿಕೊಂಡು ಇಡೀ ವರ್ಷ ಕೂತರು. ತಂಡ ಅವಸರ ಮಾಡಲಿಲ್ಲ. ಕೋಚ್ ಮಾರ್ಕ್ ಡೇಗ್ನಾಲ್ಟ್ ಕೂಡ ಇದೇ ಸಂಸ್ಥೆಯ ಕಿರಿಯರ ತಂಡದಲ್ಲಿ ಪಳಗಿ ಮೇಲೆ ಬಂದವರು.

ಈ ತಾಳ್ಮೆಗೆ ಬೆಲೆ ತೆತ್ತವರು ಯಾರು ಎಂಬುದನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. 2020–21ರಲ್ಲಿ ಓಕ್ಲಹೋಮ ಗೆದ್ದದ್ದು 22 ಪಂದ್ಯ, ಮರುವರ್ಷ 24. 2021ರ ಡಿಸೆಂಬರ್ 2ರಂದು ಮೆಂಫಿಸ್ ಎದುರು 152–79ರಿಂದ ಸೋತರು. 73 ಅಂಕಗಳ ಅಂತರ, ಲೀಗ್‌ನ ಇತಿಹಾಸದಲ್ಲಿ ಅಷ್ಟು ದೊಡ್ಡ ಸೋಲು ಇನ್ನೊಂದಿಲ್ಲ. ಆ ದಿನಗಳಲ್ಲೂ ಓಕ್ಲಹೋಮದ ಜನ ಟಿಕೆಟ್ ಕೊಂಡು ಬಂದರು, ಮಕ್ಕಳನ್ನು ಕರೆತಂದರು. ಸೋತಷ್ಟೂ ಡ್ರಾಫ್ಟ್ ಸರದಿ ಚೆನ್ನಾಗಿ ಸಿಗುತ್ತದೆ ಎಂಬ ವ್ಯವಸ್ಥೆ ಇರುವವರೆಗೆ ತಂಡಗಳು ಗೆಲ್ಲಲು ಮನಸ್ಸು ಮಾಡದ ವರ್ಷಗಳು ಇದ್ದೇ ಇರುತ್ತವೆ. ಇದು ಆಟಕ್ಕೆ ಒಳ್ಳೆಯದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 2019ರಿಂದ ಲೀಗ್, ಡ್ರಾಫ್ಟ್ ಸರದಿ ತೀರ್ಮಾನಿಸುವ ಲಾಟರಿಯ ಲೆಕ್ಕ ಬದಲಿಸಿ, ಕೊನೆಯ ಮೂರು ತಂಡಗಳಿಗೂ ಮೊದಲ ಆಯ್ಕೆಯ ಅವಕಾಶವನ್ನು ಸಮವಾಗಿ ಶೇಕಡಾ 14ಕ್ಕೆ ಇಳಿಸಿತು, ಅಷ್ಟು ಸಾಲದು. ಸೋಲಿನಿಂದಲೇ ಗೆಲುವು ಹುಟ್ಟುವುದಾಗಿದ್ದರೆ ಫಿಲಡೆಲ್ಫಿಯಾ ಯಾವತ್ತೋ ಗೆಲ್ಲಬೇಕಿತ್ತು. 2015–16ರಲ್ಲಿ ಆ ತಂಡ 10 ಗೆದ್ದು 72 ಸೋತಿತು, ವರ್ಷಗಟ್ಟಲೆ ಮೇಲಿನ ಸರದಿಯ ಹುಡುಗರನ್ನು ಆರಿಸಿತು. ಆ ಹುಡುಗರು ತಂಡವನ್ನು ಒಮ್ಮೆಯೂ ಕಾನ್ಫರೆನ್ಸ್ ಫೈನಲ್‌ಗೆ ಒಯ್ಯಲಿಲ್ಲ.

ಹಾಗಿದ್ದರೆ ಟ್ರೇಡ್ ಆದ ದಿನವೇ ಅದರ ಬಗ್ಗೆ ಏನೂ ಹೇಳಬಾರದೇ? ಹೇಳಬಹುದು, ಆದರೆ ಫಲವನ್ನಲ್ಲ, ಕ್ರಮವನ್ನು ನೋಡಿ ಹೇಳಬೇಕು. 2025ರ ಫೆಬ್ರುವರಿ ಮೊದಲ ವಾರ ಡಲ್ಲಾಸ್ ಮ್ಯಾವರಿಕ್ಸ್ ಮಾಡಿದ್ದು ನೋಡಿ. ಹಿಂದಿನ ಜೂನ್‌ನಲ್ಲಷ್ಟೇ ತಂಡವನ್ನು ಫೈನಲ್‌ಗೆ ಒಯ್ದಿದ್ದ, 25 ವರ್ಷದ ಲೂಕಾ ಡಾನ್ಚಿಚ್‌ರನ್ನು ಲೇಕರ್ಸ್‌ಗೆ ಕೊಟ್ಟು 31 ದಾಟಿದ ಆಂಥೊನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಮತ್ತು 2029ರ ಒಂದೇ ಒಂದು ಮೊದಲ ಸುತ್ತಿನ ಆಯ್ಕೆ ಪಡೆಯಿತು. ಮಾತುಕತೆ ಗುಟ್ಟಾಗಿ ನಡೆಯಿತು, ಬೇರೆ ತಂಡಗಳಿಗೆ ಸುಳಿವೇ ಸಿಗಲಿಲ್ಲ. ನಾಲ್ಕು ಕಡೆ ಬೆಲೆ ಕೇಳದೆ ಮನೆಯ ಚಿನ್ನ ಮಾರಿದಂತಾಯಿತು. ಪ್ರೆಸ್ಟಿ ಒಬ್ಬರಿಗೆ ಇಬ್ಬರ ಬೆಲೆ ವಸೂಲು ಮಾಡಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮೇ ತಿಂಗಳಲ್ಲಿ ಶೇಕಡಾ 1.8ರಷ್ಟು ಮಾತ್ರ ಅವಕಾಶವಿದ್ದ ಡಲ್ಲಾಸ್‌ಗೆ ಲಾಟರಿ ಒಲಿಯಿತು, ಮೊದಲ ಆಯ್ಕೆಯಾಗಿ ಕೂಪರ್ ಫ್ಲ್ಯಾಗ್ ಸಿಕ್ಕರು. ಫ್ಲ್ಯಾಗ್ ಮುಂದೆ ಎಷ್ಟೇ ದೊಡ್ಡ ಆಟಗಾರರಾಗಲಿ, ಡಾನ್ಚಿಚ್ ಟ್ರೇಡ್ ಸರಿಯಾಗಿತ್ತು ಎಂದು ಅದರಿಂದ ಸಾಬೀತಾಗುವುದಿಲ್ಲ. ಅದೃಷ್ಟ ಬೇರೆ, ತೀರ್ಮಾನ ಬೇರೆ. ಆ ಟ್ರೇಡ್ ಮಾಡಿದ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್‌ರನ್ನು ನವೆಂಬರ್‌ನಲ್ಲಿ ತಂಡ ಕೆಲಸದಿಂದ ತೆಗೆಯಿತು.

ಇದೇ ಅಳತೆಗೋಲನ್ನು ಪ್ರೆಸ್ಟಿಗೂ ಹಿಡಿಯಬೇಕು. ಗಿಲ್ಜಸ್ ಇಷ್ಟು ಬೆಳೆಯುತ್ತಾರೆ ಎಂದು 2019ರಲ್ಲಿ ಅವರಿಗೂ ಗೊತ್ತಿರಲು ಸಾಧ್ಯವಿಲ್ಲ. ಅವರ ಜಾಣ್ಮೆ ಇದ್ದದ್ದು, ಒಂದೇ ಕುದುರೆಯ ಮೇಲೆ ಎಲ್ಲವನ್ನೂ ಕಟ್ಟದೆ ಅವಕಾಶಗಳನ್ನು ಗುಡ್ಡೆ ಹಾಕಿದ್ದರಲ್ಲಿ. ಬಂದ ಆಯ್ಕೆಗಳೆಲ್ಲ ಫಲ ಕೊಟ್ಟಿಲ್ಲ. 2021ರಲ್ಲಿ ಆರನೆಯವರಾಗಿ ಆರಿಸಿದ ಜೋಶ್ ಗಿಡ್ಡಿ ತಂಡಕ್ಕೆ ಹೊಂದಲಿಲ್ಲ. ಆಗ ಹಟ ಹಿಡಿಯದೆ 2024ರ ಜೂನ್‌ನಲ್ಲಿ ಅವರನ್ನು ಶಿಕಾಗೋಗೆ ಕೊಟ್ಟು, ಎಂಟು ವರ್ಷ ಹಿರಿಯರಾದ, ಅಂಕಪಟ್ಟಿಯಲ್ಲಿ ಹೆಚ್ಚು ಕಾಣಿಸದ ಅಲೆಕ್ಸ್ ಕರೂಸೊರನ್ನು ತಂದರು. ಕಪ್ ಗೆದ್ದ ತಂಡದಲ್ಲಿ ಕರೂಸೊ ಮಾಡಿದ ಕೆಲಸವನ್ನು ನೋಡಿದವರಿಗೆ ಆ ಟ್ರೇಡ್‌ನ ಬೆಲೆ ಗೊತ್ತು.

ಮುಂದೇನು? 2019ರಿಂದ 2025ರವರೆಗೆ ಏಳು ವರ್ಷಗಳಲ್ಲಿ ಏಳು ಬೇರೆ ಬೇರೆ ತಂಡಗಳು ಕಪ್ ಗೆದ್ದವು: ಟೊರಾಂಟೊ, ಲೇಕರ್ಸ್, ಮಿಲ್ವಾಕೀ, ಗೋಲ್ಡನ್ ಸ್ಟೇಟ್, ಡೆನ್ವರ್, ಬಾಸ್ಟನ್, ಓಕ್ಲಹೋಮ. ಗೆದ್ದ ತಂಡವನ್ನು ಒಟ್ಟಿಗೆ ಉಳಿಸಿಕೊಳ್ಳುವುದು ಗೆಲ್ಲುವುದಕ್ಕಿಂತ ಕಷ್ಟವಾಗಿದೆ. 2023ರ ಕಾರ್ಮಿಕ ಒಪ್ಪಂದ ಸಂಬಳದ ಮೇಲೆ ಎರಡನೆಯ ಗೆರೆಯೊಂದನ್ನು ಎಳೆಯಿತು. 2024–25ರಲ್ಲಿ ಅದು ಸುಮಾರು 18.9 ಕೋಟಿ ಡಾಲರ್. ಅದನ್ನು ದಾಟಿದ ತಂಡ ಇಬ್ಬರು ಆಟಗಾರರ ಸಂಬಳ ಒಟ್ಟುಗೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ, ಏಳನೇ ವರ್ಷದ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕನ್ನೂ ಮಾರುವಂತಿಲ್ಲ. 2024ರಲ್ಲಿ ಗೆದ್ದ ಬಾಸ್ಟನ್ ಮರುವರ್ಷವೇ ಜ್ರೂ ಹಾಲಿಡೇ, ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಇಬ್ಬರನ್ನೂ ಕಳಿಸಿಕೊಟ್ಟಿತು, ಹೊರೆ ಇಳಿಸಲೇಬೇಕಿತ್ತು.

ಓಕ್ಲಹೋಮಕ್ಕೂ ಆ ಬಿಲ್ಲು ಬಂದಿದೆ. ಕಪ್ ಗೆದ್ದ ವರ್ಷ ಜೇಲನ್ ವಿಲಿಯಮ್ಸ್‌ಗೆ ಕೊಟ್ಟ ಸಂಬಳ 50 ಲಕ್ಷ ಡಾಲರ್‌ಗೂ ಕಡಿಮೆ, ಏಕೆಂದರೆ ಮೊದಲ ಸುತ್ತಿನ ಡ್ರಾಫ್ಟ್ ಹುಡುಗರ ಮೊದಲ ನಾಲ್ಕು ವರ್ಷದ ಸಂಬಳ ಲೀಗ್ ನಿಗದಿ ಮಾಡಿದ್ದು. 2025ರ ಜುಲೈನಲ್ಲಿ ಅವರಿಗೆ ಐದು ವರ್ಷಕ್ಕೆ 28.7 ಕೋಟಿ ಡಾಲರ್‌ವರೆಗಿನ, ಹೋಮ್‌ಗ್ರೆನ್‌ಗೆ ಐದು ವರ್ಷಕ್ಕೆ 25 ಕೋಟಿವರೆಗಿನ, ಗಿಲ್ಜಸ್‌ಗೆ ನಾಲ್ಕು ವರ್ಷಕ್ಕೆ 28.5 ಕೋಟಿಯ ಒಪ್ಪಂದವಾಯಿತು. ಮೂವರನ್ನು ಉಳಿಸಿಕೊಂಡರೆ ಉಳಿದ ಜಾಗಗಳಿಗೆ ದುಡ್ಡು ಸಾಲದು. ಆಗ ಡೋರ್ಟ್, ಅದೇ ತಂಡದ ಇನ್ನೊಬ್ಬ ಆಟಗಾರ ಹಾರ್ಟೆನ್‌ಸ್ಟೈನ್ ಅವರಂಥವರಲ್ಲಿ ಯಾರಾದರೂ ಹೋಗಲೇಬೇಕಾದೀತು. ಆ ಜಾಗಕ್ಕೆ ಕಡಿಮೆ ಸಂಬಳದ ಹೊಸ ಹುಡುಗರು ಬೇಕು, ಅವರನ್ನು ತರುವ ಡ್ರಾಫ್ಟ್ ಹಕ್ಕುಗಳು ಓಕ್ಲಹೋಮದ ಬಳಿ ಹೇರಳವಾಗಿವೆ. 2019ರ ಟ್ರೇಡ್‌ನ ಕೊನೆಯ ಕಂತು, ಕ್ಲಿಪ್ಪರ್ಸ್‌ನ 2026ರ ಆಯ್ಕೆ, ಅದರಲ್ಲೊಂದು. ಅದಕ್ಕೇ ಈ ತಂಡ ದಶಕದ ಕೊನೆಯವರೆಗೆ ಮುಂಚೂಣಿಯಲ್ಲಿರುತ್ತದೆ ಎಂದು ನಾನು ನಂಬಿದ್ದೇನೆ. ಪ್ರತಿ ವರ್ಷ ಕಪ್ ಗೆಲ್ಲುತ್ತದೆ ಎಂದಲ್ಲ, ಪ್ರತಿ ವರ್ಷ ಗೆಲ್ಲುವ ಅರ್ಹತೆ ಉಳಿಸಿಕೊಳ್ಳುತ್ತದೆ ಎಂದು.

ಇಂಡಿಯಾನಾದ ಬಗ್ಗೆ ಹಾಗೆ ಹೇಳಲು ಧೈರ್ಯ ಬರುವುದಿಲ್ಲ. ಹಾಲಿಬರ್ಟನ್ 2025–26ರ ಋತು ಪೂರ್ತಿ ಆಡುವುದಿಲ್ಲ ಎಂದು ತಂಡ ಆ ಜುಲೈನಲ್ಲೇ ಹೇಳಿತು. ಹತ್ತು ವರ್ಷ ಆ ತಂಡಕ್ಕೇ ಆಡಿದ ಮೈಲ್ಸ್ ಟರ್ನರ್ ಅದೇ ತಿಂಗಳು ಮಿಲ್ವಾಕೀಗೆ ಹೋದರು. ಹಿಮ್ಮಡಿಯ ನರ ಹರಿದವರು ಮರಳಿ ಬಂದಾಗ ಹಳೆಯ ಚುರುಕು ಪೂರ್ತಿ ಬರುತ್ತದೋ ಇಲ್ಲವೋ ಎಂಬುದು ಆಟಗಾರನಿಂದ ಆಟಗಾರನಿಗೆ ಬೇರೆ. ಹಾಲಿಬರ್ಟನ್‌ರ ಆಟ ಕಾಲಿಗಿಂತ ಕಣ್ಣಿನ ಆಟ, ಪಾಸ್ ಕೊಡುವ ದಾರಿ ಬೇರೆಯವರಿಗಿಂತ ಮೊದಲೇ ಕಾಣುವ ಆಟ ಎಂಬುದಷ್ಟೇ ನನಗಿರುವ ಸಮಾಧಾನ.

ಪ್ರತಿ ಫೆಬ್ರುವರಿಯಲ್ಲಿ ಟ್ರೇಡ್‌ನ ಗಡುವು ಬರುತ್ತದೆ. ದೊಡ್ಡ ಹೆಸರೊಂದು ಊರು ಬದಲಿಸುತ್ತದೆ, ಸಂಜೆಯೊಳಗೆ ಯಾರು ಗೆದ್ದರು ಯಾರು ಸೋತರು ಎಂಬ ತೀರ್ಪು ಬಂದುಬಿಡುತ್ತದೆ. ನಮ್ಮಲ್ಲಿ ಬೆಳಗಿನ ಜಾವ ಎದ್ದು ಈ ಆಟ ನೋಡುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. ಸುದ್ದಿಯ ಕೊನೆಯ ಸಾಲಿನಲ್ಲಿ, ಯಾವುದೋ ವರ್ಷದ ಒಂದು ಡ್ರಾಫ್ಟ್ ಆಯ್ಕೆ ಎಂದಷ್ಟೇ ಬರೆದಿರುತ್ತದಲ್ಲ, ಅದನ್ನು ತಾರೀಖಿನ ಸಮೇತ ಒಂದು ಕಡೆ ಗುರುತು ಹಾಕಿಟ್ಟುಕೊಳ್ಳಿ. ಆ ಆಯ್ಕೆಯಿಂದ ಬಂದ ಹುಡುಗ ಮೂರು ಋತು ಆಡಿದ ಮೇಲೆ ತೆಗೆದು ನೋಡಿ, ಆಮೇಲೆ ನಿಮ್ಮ ತೀರ್ಪು ಹೇಳಿ.